1 ಮಿ.ಮೀ. ರಕ್ತನಾಳವನ್ನು ಜೋಡಿಸುವ ಉಪಕರಣಗಳು: ಆಯ್ಕೆ, ಹಿಡಿತ, ಆರೈಕೆ

ತುಂಡಾದ ಬೆರಳನ್ನು ಮರುಜೋಡಿಸುವಾಗ ಹೊಲಿಯಬೇಕಾದ ರಕ್ತನಾಳದ ವ್ಯಾಸ ಸಾಮಾನ್ಯವಾಗಿ 1 ಮಿ.ಮೀ. ಆಸುಪಾಸಿನಲ್ಲಿರುತ್ತದೆ, ಬೆರಳ ತುದಿಯತ್ತ ಸಾಗಿದಂತೆ ಅದಕ್ಕಿಂತಲೂ ಕಿರಿದಾಗುತ್ತದೆ. 1960ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಜೂಲಿಯಸ್ ಜೇಕಬ್ಸನ್ ಮತ್ತು ಅರ್ನೆಸ್ಟೊ ಸುವಾರೆಜ್ ಅವರು ಮೈಕ್ರೋಸ್ಕೋಪ್ ಬಳಸಿ ಸಣ್ಣ ರಕ್ತನಾಳಗಳನ್ನು ಹೊಲಿದು ತೋರಿಸಿದ ಕಾಲಕ್ಕೆ, ಈ ಕೆಲಸಕ್ಕೆಂದೇ ತಯಾರಾದ ಉಪಕರಣಗಳು ಇರಲಿಲ್ಲವೆಂದೇ ಹೇಳಬೇಕು. ಕೈಗಡಿಯಾರ ಹಾಗೂ ಆಭರಣ ಕೆಲಸದವರ ಚಿಮುಟಗಳನ್ನೂ ಕಣ್ಣಿನ ಶಸ್ತ್ರಚಿಕಿತ್ಸೆಯ ಕತ್ತರಿ ಮತ್ತು ಸೂಜಿ ಹಿಡಿಯುವ ನೀಡಲ್ ಹೋಲ್ಡರ್‌ಗಳನ್ನೂ ಎರವಲು ಪಡೆದು ಮೈಕ್ರೋಸರ್ಜರಿ ಎಂಬ ಈ ಶಾಖೆ ಬೆಳೆಯಿತು. ತರಬೇತಿ ಆರಂಭಿಸುತ್ತಿರುವ ವೈದ್ಯರನ್ನೂ ಟ್ರೇ ಸಿದ್ಧಪಡಿಸುವ ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಸಿಬ್ಬಂದಿಯನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಟಿಪ್ಪಣಿ ಬರೆದಿದ್ದೇನೆ.

ಮೊದಲಿಗೆ ಬೇಕಾಗುವ ಉಪಕರಣಗಳು ಹೆಚ್ಚೇನಿಲ್ಲ: ಎರಡು ಜ್ಯುವೆಲರ್ ಫೋರ್ಸೆಪ್ಸ್ (ಆಭರಣ ಕೆಲಸದವರ ಮಾದರಿಯ ಚಿಮುಟ), ಒಂದು ನಾಳ ಹಿಗ್ಗಿಸುವ ಫೋರ್ಸೆಪ್ಸ್, ಒಂದು ನೀಡಲ್ ಹೋಲ್ಡರ್, ನೇರ ಮತ್ತು ಬಾಗಿದ ಎರಡು ಕತ್ತರಿ, ರಕ್ತ ಹರಿಯದಂತೆ ನಾಳವನ್ನು ಒತ್ತಿಹಿಡಿಯುವ ಒಂದಷ್ಟು ಕ್ಲಾಂಪ್‌ಗಳು. ಕಡಿಮೆ ಉಪಕರಣಗಳಿದ್ದು ಅವೆಲ್ಲ ಉತ್ತಮ ಸ್ಥಿತಿಯಲ್ಲಿರುವುದೇ ಮೇಲು ಎಂಬುದು ನನ್ನ ದೃಢ ಅಭಿಪ್ರಾಯ. ಇಪ್ಪತ್ತು ಉಪಕರಣಗಳ ಟ್ರೇಯಲ್ಲಿ ಐದರ ತುದಿ ಸೊಟ್ಟಗಿದ್ದರೆ, ಆ ಐದೇ ಪದೇ ಪದೇ ಕೈಗೆ ಸಿಗುತ್ತವೆ.

ಫೋರ್ಸೆಪ್ಸ್‌ನ ತುದಿಯನ್ನು ಕೊಳ್ಳುವಾಗಲೂ ಪ್ರತಿ ಶಸ್ತ್ರಚಿಕಿತ್ಸೆಗೆ ಮುನ್ನವೂ ಮೈಕ್ರೋಸ್ಕೋಪ್ ಅಡಿಯಲ್ಲೇ ಪರೀಕ್ಷಿಸಬೇಕು, ಏಕೆಂದರೆ ಬರಿಗಣ್ಣಿಗೆ ನಿರ್ದೋಷವಾಗಿ ಕಾಣುವ ತುದಿ ದೊಡ್ಡದಾಗಿ ಕಂಡಾಗ ಕೊಕ್ಕೆಯಂತೆ ಬಾಗಿರುವುದು ಅಪರೂಪವೇನಲ್ಲ. ಹಗುರವಾಗಿ ಒತ್ತಿದಾಗ ಎರಡೂ ತುದಿಗಳು ಒಂದರ ಮೇಲೊಂದು ಹತ್ತದೆ ಸಮನಾಗಿ ಕೂಡಬೇಕು. ಆ ಹಿಡಿತದಲ್ಲಿ 10-0 ಅಳತೆಯ ತೆಳು ಹೊಲಿಗೆ ದಾರ ಜಾರಬಾರದು, ತುಂಡಾಗಲೂಬಾರದು. ಸ್ಪ್ರಿಂಗ್ ತೀರಾ ಬಿಗಿಯಾಗಿದ್ದರೆ ಅರ್ಧ ಗಂಟೆಯಲ್ಲೇ ಬೆರಳು ದಣಿದು ನಡುಗತೊಡಗುತ್ತವೆ. ಉಪಕರಣವನ್ನು ಪೆನ್ ಹಿಡಿದಂತೆ ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳುಗಳ ನಡುವೆ ಹಿಡಿದು, ಮುಂಗೈ ಮತ್ತು ಕಿರುಬೆರಳ ಅಂಚನ್ನು ಮಡಿಸಿದ ಬಟ್ಟೆಯ ಮೇಲೆ ಪೂರ್ಣವಾಗಿ ಊರಬೇಕು. ಕೈಗೆ ಆಸರೆ ಇಲ್ಲದಿದ್ದರೆ ಎಷ್ಟೇ ಬೆಲೆಯ ಉಪಕರಣವೂ ನಡುಕವನ್ನು ನಿಲ್ಲಿಸಲಾರದು.

ಈ ಫೋರ್ಸೆಪ್ಸ್‌ನಿಂದ ರಕ್ತನಾಳದ ಹೊರಪದರವನ್ನು ಮಾತ್ರ ಹಿಡಿಯಬೇಕು. ಗೋಡೆಯನ್ನು ಪೂರ್ತಿಯಾಗಿ ಕಚ್ಚಿ ಹಿಡಿದರೆ ಒಳಪದರಕ್ಕೆ ಗಾಯವಾಗಿ ಅಲ್ಲೇ ರಕ್ತ ಹೆಪ್ಪುಗಟ್ಟಲು ಶುರುವಾಗುತ್ತದೆ. ಆಮೇಲೆ ಹೊಲಿಗೆ ಎಷ್ಟು ಅಂದವಾಗಿದ್ದರೂ ಪ್ರಯೋಜನವಿಲ್ಲ. ಸೂಜಿ ಚುಚ್ಚುವಾಗ ಒಳಗಿನಿಂದ ಆಸರೆ ಬೇಕೆನಿಸಿದರೆ, ಮುಚ್ಚಿದ ತುದಿಯನ್ನು ನಾಳದ ಬಾಯಿಯೊಳಗೆ ಮೆಲ್ಲನೆ ಇಟ್ಟು ಗೋಡೆಯನ್ನು ಎತ್ತಿಹಿಡಿಯಬೇಕು. ನಾಳ ಹಿಗ್ಗಿಸುವ ಫೋರ್ಸೆಪ್ಸ್‌ನ ತುದಿ ಸಪೂರವಾಗಿ, ನುಣುಪಾಗಿ ಇರುವುದು ಈ ಕೆಲಸಕ್ಕೇ. ಅದನ್ನು ಒಳಗಿಟ್ಟು ನಿಧಾನವಾಗಿ ಒಮ್ಮೆ ತೆರೆದರೆ ಸಾಕು. ಬಲವಂತ ಮಾಡಿದರೆ ಗೋಡೆ ಸೀಳುತ್ತದೆ.

ನೀಡಲ್ ಹೋಲ್ಡರ್‌ಗೆ ಲಾಕ್ ಇರಬಾರದು, ಏಕೆಂದರೆ ಲಾಕ್ ಬಿಡಿಸುವಾಗಿನ ಸಣ್ಣ ಎಳೆತವೂ ತುದಿಯಲ್ಲಿ ದೊಡ್ಡ ಅಲುಗಾಟವಾಗಿ ಸೂಜಿ ನಾಳವನ್ನು ಹರಿದುಬಿಡಬಹುದು. ಸೂಜಿಯನ್ನು ಎತ್ತಿಕೊಳ್ಳಲು ಒಂದು ಕ್ರಮವಿದೆ. ಎಡಗೈಯ ಫೋರ್ಸೆಪ್ಸ್‌ನಿಂದ ದಾರವನ್ನು ಸೂಜಿಗೆ ಸ್ವಲ್ಪ ದೂರದಲ್ಲಿ ಹಿಡಿದು, ಸೂಜಿ ಕೆಳಗಿನ ಮೇಲ್ಮೈಗೆ ತಾಕುವಷ್ಟು ಇಳಿಬಿಟ್ಟು, ದಾರವನ್ನು ಅತ್ತಿತ್ತ ಸರಿಸಿದರೆ ಸೂಜಿ ತಾನಾಗಿ ಬೇಕಾದ ದಿಕ್ಕಿಗೆ ತಿರುಗುತ್ತದೆ. ಆಗ ಅದರ ಮಧ್ಯಭಾಗಕ್ಕಿಂತ ತುಸು ಹಿಂದೆ ಹೋಲ್ಡರ್‌ನಿಂದ ಹಿಡಿಯಬೇಕು. ಸೂಜಿಯ ಮೊನೆಯನ್ನು ಯಾವುದೇ ಲೋಹ ಮುಟ್ಟಬಾರದು. ಗೋಡೆಗೆ ಲಂಬವಾಗಿ ಚುಚ್ಚಿ, ಸೂಜಿಯ ಬಾಗನ್ನೇ ಅನುಸರಿಸಿ ಹೊರತೆಗೆಯಬೇಕು. ನೇರವಾಗಿ ಎಳೆದರೆ ತೂತು ದೊಡ್ಡದಾಗಿ ಅಲ್ಲಿಂದ ರಕ್ತ ಒಸರುತ್ತದೆ.

ದಾರದ ಆಯ್ಕೆ ಸರಳ: 2–3 ಮಿ.ಮೀ. ನಾಳಕ್ಕೆ 8-0 ಅಥವಾ 9-0, 1 ಮಿ.ಮೀ. ಆಸುಪಾಸಿಗೆ 10-0, ಅದಕ್ಕಿಂತ ತೀರಾ ಕಿರಿದಾದುದಕ್ಕೆ 11-0 ನೈಲಾನ್. 10-0 ದಾರದ ದಪ್ಪ 20ರಿಂದ 30 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ತೆಳು. ಹೀಗಾಗಿ ಅದನ್ನು ನಾಳದ ಹಿಂದೆ ಹಾಸಿದ ನೀಲಿ ಅಥವಾ ಹಸಿರು ಹಾಳೆಯ ಮೇಲಷ್ಟೇ ಸ್ಪಷ್ಟವಾಗಿ ಕಾಣಬಹುದು.

ಕತ್ತರಿಗಳ ವಿಷಯದಲ್ಲಿ ಒಂದೇ ನಿಯಮ: ನಾಳದ ತುದಿ ಮತ್ತು ಹೊರಪದರ ಕತ್ತರಿಸುವ ನೇರ ಕತ್ತರಿಯಿಂದ ದಾರ ಕತ್ತರಿಸಕೂಡದು. ಅಂಗಾಂಶ ಬಿಡಿಸಲು ಬಾಗಿದ, ಮೊಂಡು ತುದಿಯ ಕತ್ತರಿ ಬಳಸಬೇಕು.

ಕ್ಲಾಂಪ್ ಬಗ್ಗೆ ಎಷ್ಟು ಎಚ್ಚರವಿದ್ದರೂ ಸಾಲದು. ರಾಬರ್ಟ್ ಆಕ್ಲಂಡ್ ರೂಪಿಸಿದ, ಅವರ ಹೆಸರಿನಲ್ಲೇ ಪ್ರಸಿದ್ಧವಾದ ಜೋಡಿ ಕ್ಲಾಂಪ್‌ಗಳು ಒಂದೇ ಸರಳಿನ ಮೇಲೆ ಸರಿದು ಎರಡು ತುದಿಗಳನ್ನು ಹತ್ತಿರ ತರುತ್ತವೆ. ಮುಂಗೋಡೆ ಹೊಲಿದ ಮೇಲೆ ಇಡೀ ಚೌಕಟ್ಟನ್ನು ಮಗುಚಿ ಹಿಂಗೋಡೆ ಹೊಲಿಯಬಹುದು. ನಾಳ ಜಾರದಷ್ಟು, ಆದರೆ ಒಳಪದರ ಜಜ್ಜಿಹೋಗದಷ್ಟು ಒತ್ತಡವಿರುವ ಅಳತೆಯನ್ನೇ ಆರಿಸಬೇಕು. ಅಪಧಮನಿಯ ಕ್ಲಾಂಪ್ ಅನ್ನು ತೆಳುಗೋಡೆಯ ಅಭಿಧಮನಿಗೆ ಹಾಕಬಾರದು. ಕ್ಲಾಂಪ್ ಹಾಕಲು ಅದರದೇ ಫೋರ್ಸೆಪ್ಸ್ ಇದೆ. ಜ್ಯುವೆಲರ್ ಫೋರ್ಸೆಪ್ಸ್‌ನಿಂದ ಕ್ಲಾಂಪ್ ತೆರೆಯಲು ಹೋದರೆ ಎರಡೂ ಹಾಳಾಗುತ್ತವೆ. ಮೊದಲ ಗಂಟು ಕಟ್ಟುವ ಮುನ್ನ ಮೊಂಡು ಕ್ಯಾನುಲಾದಿಂದ (ಸಪೂರ ಕೊಳವೆ) ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೆರೆಸಿದ ಸಲೈನ್ ಹಾಯಿಸಿ ನಾಳದ ಬಾಯಿಯಲ್ಲಿರುವ ರಕ್ತವನ್ನು ಪೂರ್ತಿ ತೊಳೆಯಬೇಕು.

ಕ್ಲಾಂಪ್ ತೆಗೆದ ಮೇಲೆ ಹರಿವನ್ನು ಪರೀಕ್ಷಿಸಲು ಎರಡು ಫೋರ್ಸೆಪ್ಸ್ ಸಾಕು. ಹೊಲಿಗೆಯಿಂದ ಮುಂದೆ, ರಕ್ತ ಸಾಗುವ ದಿಕ್ಕಿನಲ್ಲಿ, ಎರಡನ್ನೂ ಅಕ್ಕಪಕ್ಕ ಹಗುರವಾಗಿ ಒತ್ತಿ ಹಿಡಿದು, ದೂರದ್ದನ್ನು ಇನ್ನಷ್ಟು ದೂರ ಸರಿಸಿದರೆ ನಡುವಿನ ಭಾಗ ಬರಿದಾಗುತ್ತದೆ. ಈಗ ಹೊಲಿಗೆಯ ಹತ್ತಿರದ್ದನ್ನು ಬಿಟ್ಟರೆ ರಕ್ತ ತಕ್ಷಣ ತುಂಬಿಕೊಳ್ಳಬೇಕು. ತಡವಾಗಿ ತುಂಬಿದರೆ ಹೊಲಿಗೆಯನ್ನು ಬಿಚ್ಚಿ ನೋಡುವುದೇ ಸರಿ. ಈ ಪರೀಕ್ಷೆಯಿಂದಲೂ ಗೋಡೆಗೆ ಪೆಟ್ಟಾಗುವುದರಿಂದ ಪದೇ ಪದೇ ಮಾಡಬಾರದು.

ಅಭ್ಯಾಸವನ್ನು ಹರಿದ ಕೈಗವಸಿನ ರಬ್ಬರ್‌ನಲ್ಲಿ ಆರಂಭಿಸಿ, ಆನಂತರ ಅಂಗಡಿಯಲ್ಲಿ ಸಿಗುವ ಕೋಳಿ ತೊಡೆಯ ಅಪಧಮನಿಯಲ್ಲಿ ಮುಂದುವರಿಸಬಹುದು. ಆದರೆ ಅದಕ್ಕೆ ಪ್ರತ್ಯೇಕ ಉಪಕರಣಗಳನ್ನಿಟ್ಟುಕೊಳ್ಳಬೇಕು; ಅವು ಓಟಿಯ ಟ್ರೇಗೆ ಎಂದೂ ಮರಳಬಾರದು.

ಶಸ್ತ್ರಚಿಕಿತ್ಸೆಯ ನಡುವೆ ತುದಿಯಲ್ಲಿ ರಕ್ತ ಒಣಗಲು ಬಿಡದೆ ಒದ್ದೆ ಸ್ಪಂಜಿನಿಂದ ಒರೆಸುತ್ತಿರಬೇಕು. ಗಾಜ್ ಬಟ್ಟೆಯ ಎಳೆಗಳು ತುದಿಗೆ ಸಿಕ್ಕಿಕೊಳ್ಳುವುದರಿಂದ ಅದು ಬೇಡ. ಮುಗಿದ ಮೇಲೆ ಎಂಜೈಮ್ ದ್ರಾವಣದಲ್ಲಿ ಅಲ್ಟ್ರಾಸಾನಿಕ್ ಯಂತ್ರದಿಂದ, ಉಪಕರಣಗಳು ಒಂದಕ್ಕೊಂದು ತಾಗದಂತೆ ಇಟ್ಟು ಶುಚಿಗೊಳಿಸಬೇಕು. ಸಲೈನ್‌ನಲ್ಲಿ ನೆನೆಹಾಕಿದರೆ ಅದರಲ್ಲಿನ ಉಪ್ಪು ಸ್ಟೀಲನ್ನು ತಿನ್ನುತ್ತದೆ. ಕೊನೆಯ ಬಾರಿ ತೊಳೆಯಲು ಡಿಸ್ಟಿಲ್ಡ್ ವಾಟರ್ ಬಳಸಬೇಕು. ಸೂಜಿಯು ಉಪಕರಣದ ತುದಿಗೆ ಅಂಟಿಕೊಂಡು ಬಿಡದಿದ್ದರೆ ಸ್ಟೀಲ್ ಅಯಸ್ಕಾಂತವಾಗಿದೆ ಎಂದರ್ಥ, ಡೀಮ್ಯಾಗ್ನಟೈಸರ್‌ನಲ್ಲಿ ಒಮ್ಮೆ ಹಾಯಿಸಬೇಕು. ಟೈಟಾನಿಯಂ ಉಪಕರಣಗಳಿಗೆ ಈ ತೊಂದರೆಯಿಲ್ಲ. ಒಣಗಿದ ಮೇಲೆ ತುದಿಗೆ ರಕ್ಷಾಕವಚ ಹಾಕಿ, ಸಿಲಿಕೋನ್ ಹಾಸಿನ ಪೆಟ್ಟಿಗೆಯಲ್ಲಿ ಪ್ರತಿಯೊಂದನ್ನೂ ಅದರದೇ ಜಾಗದಲ್ಲಿ ಇಡಬೇಕು. ಕೆಳಗೆ ಬಿದ್ದ ಉಪಕರಣವನ್ನು ಮೈಕ್ರೋಸ್ಕೋಪ್ ಅಡಿ ಪರೀಕ್ಷಿಸುವವರೆಗೆ ಬೇರೆಯಾಗಿಯೇ ಇಟ್ಟು, ತುದಿ ಬಾಗಿದ್ದರೆ ಕೈಯಿಂದ ನೆಟ್ಟಗೆ ಮಾಡಲು ಹೋಗದೆ, ಇಂಥ ಉಪಕರಣಗಳನ್ನು ಬಲ್ಲ ರಿಪೇರಿಯವರಿಗೆ ಕಳಿಸಬೇಕು.