ಚೆನ್ನಾಗಿ ಬರೆಯುವ ಮಗುವಿಗೆ ಬರವಣಿಗೆಯ ಪಾಠ: ಪಠ್ಯಕ್ರಮವನ್ನು ನಾನು ಹೊಂದಿಸಿಕೊಂಡ ಬಗೆ

ಹೋಮ್‌ಸ್ಕೂಲಿಂಗ್ ನಡೆಸುವ ತಂದೆತಾಯಿಗಳಿಗೆ, ಬರೆಯಲು ಹಿಂಜರಿಯುವ ಮಗುವಿನಿಂದ ಹೇಗೆ ಬರೆಸಬೇಕೆಂಬ ಸಲಹೆ ಬೇಕಾದಷ್ಟು ಸಿಗುತ್ತದೆ. ಮಗು ಈಗಾಗಲೇ ಚೆನ್ನಾಗಿ ಬರೆಯುತ್ತಿದ್ದರೆ ಏನು ಮಾಡಬೇಕೆಂದು ವಿಚಾರಿಸಿದರೆ ಸಿಗುವ ಉತ್ತರ ಸಾಮಾನ್ಯವಾಗಿ ಎರಡೇ: ಒಂದೋ ಎರಡು ತರಗತಿ ಮುಂದಿನ ಪುಸ್ತಕ ಕೊಡಿ, ಇಲ್ಲವೇ ಪಠ್ಯಕ್ರಮವನ್ನು ಪಕ್ಕಕ್ಕಿಟ್ಟು ಅದರ ಪಾಡಿಗೆ ಬರೆದುಕೊಳ್ಳಲು ಬಿಡಿ. ಹತ್ತು ವರ್ಷದ ನನ್ನ ಮಗಳ ವಿಷಯದಲ್ಲಿ ನಾನು ಎರಡನ್ನೂ ಒಪ್ಪಲಿಲ್ಲ. ಮುಂದಿನ ತರಗತಿಯ ಪುಸ್ತಕದಲ್ಲಿ ಬರವಣಿಗೆಗಿಂತ ಹೆಚ್ಚು ಕಠಿಣವಾಗುವುದು ವಿಷಯವೇ; ಹದಿಮೂರು ಹದಿನಾಲ್ಕರ ಮಕ್ಕಳಿಗೆಂದು ಕೊಟ್ಟ ಪ್ರಬಂಧದ ವಿಷಯಗಳ ಮೇಲೆ ಹತ್ತರ ಮಗುವಿಗೆ ತನ್ನದೆಂದು ಹೇಳಲು ಹೆಚ್ಚೇನೂ ಇರುವುದಿಲ್ಲ, ಆದ್ದರಿಂದ ಅದು ದೊಡ್ಡವರ ಮಾತನ್ನು ಎರವಲು ತಂದು ಅಂದವಾಗಿ ಜೋಡಿಸುವುದನ್ನು ಕಲಿತುಬಿಡುತ್ತದೆ. ಇನ್ನು ತನ್ನ ಪಾಡಿಗೆ ಬಿಟ್ಟ ಮಗು ತನಗೆ ಸಲೀಸಾಗಿ ಬರುವುದನ್ನೇ ಮತ್ತೆ ಮತ್ತೆ ಬರೆಯುತ್ತದೆ, ಸುತ್ತಲಿನವರೆಲ್ಲ ಅದನ್ನೇ ಹೊಗಳುತ್ತಾರೆ. ನಾನು ಪಠ್ಯಕ್ರಮವನ್ನು ಉಳಿಸಿಕೊಂಡು, ಅದರಲ್ಲಿ ಅವಳಿಗೆ ಬರುವುದನ್ನೆಲ್ಲ ತೆಗೆದು, ತೆರವಾದ ಸಮಯವನ್ನು ಅವಳಿಗೆ ಬಾರದ ಬರವಣಿಗೆಗೆ ಮೀಸಲಿಟ್ಟೆ.

ನಮ್ಮ ಕೈಯಲ್ಲಿದ್ದದ್ದು ವಾರವಾರಕ್ಕೆ ಪಾಠ ಹಂಚಿಟ್ಟಿದ್ದ ಸಿದ್ಧ ಪಠ್ಯಕ್ರಮ. ವಾರದ ಆರಂಭದಲ್ಲಿ ಒಳ್ಳೆಯ ಗದ್ಯದಿಂದ ಆಯ್ದ ಭಾಗದ ನಕಲು, ನಡುವೆ ಅದೇ ಭಾಗದ ಉಕ್ತಲೇಖನ ಮತ್ತು ವ್ಯಾಕರಣದ ಅಭ್ಯಾಸ, ಕೊನೆಯಲ್ಲಿ ಐದು ವಾಕ್ಯಗಳ ಒಂದು ಪರಿಚ್ಛೇದ, ಇಷ್ಟು ಅದರ ಕಟ್ಟು. ಇದರ ಹಿಂದಿರುವುದು ಇಂಗ್ಲೆಂಡಿನ ಶಿಕ್ಷಣತಜ್ಞೆ ಷಾರ್ಲಟ್ ಮೇಸನ್ (1842–1923) ಅವರ ಕ್ರಮ. ಮಗು ಒಳ್ಳೆಯ ಬರಹವನ್ನು ಓದಿ ಅಥವಾ ಕೇಳಿ, ಅದನ್ನು ಮೊದಲು ಬಾಯಲ್ಲಿ ಮರಳಿ ಹೇಳಿ, ಆಮೇಲೆ ಬರಹಕ್ಕೆ ಇಳಿಸಬೇಕೆಂಬುದು ಆಕೆಯ ನಿಲುವು. ಕ್ರಮದ ಬಗ್ಗೆ ನನಗೆ ತಕರಾರಿರಲಿಲ್ಲ, ಇಂದಿಗೂ ಇಲ್ಲ. ಆದರೆ ಪುಟಗಟ್ಟಲೆ ಕಥೆಯನ್ನು ತಾನಾಗಿ ಬರೆಯುವ ಹುಡುಗಿಗೆ, ಮೊದಲ ವಾಕ್ಯದಲ್ಲಿ ವಿಷಯ, ಮೂರು ವಾಕ್ಯಗಳಲ್ಲಿ ವಿವರ, ಕೊನೆಯದರಲ್ಲಿ ಮತ್ತೆ ಅದೇ ವಿಷಯ ಎಂಬ ಅಚ್ಚಿನಲ್ಲಿ ಪರಿಚ್ಛೇದ ಬರೆಯುವುದು ತೀರಿಸಲೇಬೇಕಾದ ಒಂದು ಬಾಕಿಯಾಗಿತ್ತು. ಕಾಲು ಗಂಟೆಯೊಳಗೆ ಅದನ್ನು ಮುಗಿಸಿ ತನ್ನ ಕಥೆಗೆ ಹಿಂದಿರುಗುತ್ತಿದ್ದಳು.

ಯಾವುದನ್ನು ತೆಗೆಯಬೇಕೆಂಬುದನ್ನು ಊಹೆಗೆ ಬಿಡಬಾರದು. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಜೋಸೆಫ್ ರೆಂಝುಲಿ ಮತ್ತು ಅವರ ಸಹೋದ್ಯೋಗಿಗಳು ಬಳಕೆಗೆ ತಂದ, ಪಠ್ಯಕ್ರಮವನ್ನು ಸಾಂದ್ರಗೊಳಿಸುವ ವಿಧಾನ ಇಲ್ಲಿ ಉಪಯೋಗಕ್ಕೆ ಬಂತು. ಪಾಠದ ಗುರಿಯನ್ನು ಮೊದಲು ಬರೆದುಕೊಳ್ಳುವುದು, ಕಲಿಸುವ ಮುನ್ನವೇ ಪರೀಕ್ಷಿಸುವುದು, ಗೊತ್ತಿರುವುದನ್ನು ಬಿಡುವುದು, ಬಿಟ್ಟಿದ್ದರ ಜಾಗಕ್ಕೆ ಏನು ಬರುತ್ತದೆಂದು ನಿರ್ಧರಿಸುವುದು, ಇದು ಅದರ ತಿರುಳು. ಪ್ರತಿ ಘಟಕದ ಕೊನೆಯ ಅಭ್ಯಾಸವನ್ನು ನಾನು ಮೊದಲೇ ಕೊಟ್ಟೆ. ಜೊತೆಗೆ ಅವಳು ತನ್ನ ಖುಷಿಗೆ ಬರೆದಿದ್ದ ಕಥೆ, ಪತ್ರ, ದಿನಚರಿಗಳನ್ನು ಎದುರಿಗಿಟ್ಟುಕೊಂಡು ಪಠ್ಯದ ಗುರಿಗಳೊಂದಿಗೆ ಹೋಲಿಸಿದೆ, ಮತ್ತು ನಾನು ಹೆಚ್ಚು ನಂಬಿದ್ದು ಈ ಹೋಲಿಕೆಯನ್ನೇ. ಉದ್ಧರಣ ಚಿಹ್ನೆಗಳ ಅಭ್ಯಾಸದ ಪುಟದಲ್ಲಿ ಅವಳದು ಒಂದೂ ತಪ್ಪಿರಲಿಲ್ಲ. ಅವಳ ಕಥೆಯಲ್ಲಿ ಇಬ್ಬರು ಮಾತಿಗೆ ಕೂತರೆ ನಾಲ್ಕನೆಯ ಸಾಲಿನ ಹೊತ್ತಿಗೆ ಯಾರು ಯಾರಿಗೆ ಹೇಳುತ್ತಿದ್ದಾರೆಂಬುದೇ ತಿಳಿಯುತ್ತಿರಲಿಲ್ಲ. ಆ ಪಾಠ ಉಳಿಯಿತು.

ಅಕ್ಷರ ದುಂಡಾಗಿಸಲೆಂದು ಮಾಡಿಸುವ ನಕಲು, ಕರ್ತೃ ಕರ್ಮ ಕ್ರಿಯಾಪದಗಳಿಗೆ ಗೆರೆ ಎಳೆಯುವ ಪುಟಗಳು, ವಿಭಕ್ತಿ ಪ್ರತ್ಯಯ ತುಂಬುವ ಅಭ್ಯಾಸಗಳು ಹೋದವು. ಬಿಡಿಬಿಡಿಯಾಗಿ ಕಲಿಸಿದ ವ್ಯಾಕರಣದಿಂದ ಬರವಣಿಗೆ ಸುಧಾರಿಸುವುದು ತೀರ ಕಡಿಮೆಯೆಂದು ಅಮೆರಿಕದ ಸಂಶೋಧಕ ರಿಚರ್ಡ್ ಬ್ರ್ಯಾಡಕ್ ಮತ್ತು ಸಂಗಡಿಗರು 1963ರ ತಮ್ಮ ವರದಿಯಲ್ಲೇ ಹೇಳಿದ್ದರಿಂದ ಇವನ್ನು ಕೈಬಿಡಲು ನನಗೆ ಅಳುಕಾಗಲಿಲ್ಲ. ಉಕ್ತಲೇಖನವನ್ನು ಮಾತ್ರ ಉಳಿಸಿಕೊಂಡೆ. ಓದುವ ವೇಗ ಹೆಚ್ಚಿರುವ ಮಕ್ಕಳು ಪದದ ಒಟ್ಟು ಆಕಾರವನ್ನು ನೋಡಿ ಮುಂದೆ ಸಾಗುತ್ತಾರೆಂದು ನನಗನ್ನಿಸಿದೆ; ಮಹಾಪ್ರಾಣಗಳು, ಶಕಾರ ಷಕಾರಗಳು, ಒತ್ತಕ್ಷರಗಳು ಅವರ ಕಣ್ಣಿನಿಂದ ಜಾರುತ್ತವೆ. ನನ್ನ ಮಗಳು ‘ಅಧ್ಯಯನ’ವನ್ನು ‘ಅದ್ಯಯನ’ವೆಂದೂ ‘ವಿಶೇಷ’ವನ್ನು ‘ವಿಷೇಶ’ವೆಂದೂ ಬರೆಯುತ್ತಿದ್ದಳು. ಪಠ್ಯ ಕೊಟ್ಟ ಪದಪಟ್ಟಿಯ ಬದಲು ಅವಳೇ ತಪ್ಪುವ ಪದಗಳಿಗೊಂದು ಪುಸ್ತಕ ಮಾಡಿ, ಆ ಪದಗಳು ಬರುವಂತೆ ಉಕ್ತಲೇಖನದ ಭಾಗಗಳನ್ನು ಆರಿಸಿಕೊಂಡೆ.

ವ್ಯಾಕರಣದ ಹೊತ್ತಿಗೆ ವಾಕ್ಯ ಜೋಡಣೆ ಬಂತು. ‘ಮಳೆ ನಿಂತಿತು. ಅಜ್ಜ ಹೊರಟರು. ಕೊಡೆ ಇಲ್ಲೇ ಉಳಿಯಿತು.’ ಈ ಮೂರನ್ನು ಒಂದು ಮಾಡು ಎಂದರೆ ಅವಳ ಮೊದಲ ಉತ್ತರ: ‘ಮಳೆ ನಿಂತು ಅಜ್ಜ ಹೊರಟಾಗ ಕೊಡೆ ಇಲ್ಲೇ ಉಳಿಯಿತು.’ ಎರಡನೆಯದು: ‘ಮಳೆ ನಿಂತಿದ್ದರಿಂದ ಅಜ್ಜ ಕೊಡೆಯನ್ನು ಇಲ್ಲೇ ಬಿಟ್ಟು ಹೊರಟರು.’ ಎರಡನ್ನೂ ಪಕ್ಕಪಕ್ಕ ಇಟ್ಟಾಗ, ಎರಡನೆಯದರಲ್ಲಿ ಅಜ್ಜ ಬೇಕೆಂದೇ ಕೊಡೆ ಬಿಟ್ಟಂತಾಯಿತು, ಮೊದಲನೆಯದರಲ್ಲಿ ಮರೆತಿರಲೂಬಹುದು ಎಂದು ಅವಳೇ ಹೇಳಿದಳು. ಕೃದಂತ, ಕಾರಣಾರ್ಥ ಎಂಬ ಹೆಸರುಗಳನ್ನು ಅಲ್ಲಿ ಹೇಳಿದೆ. ಆಗ ಅವು ಅಂಟಿಕೊಂಡವು. ಯುರೋಪಿನ ವಿದ್ವಾಂಸ ಎರಾಸ್ಮಸ್ 1512ರಲ್ಲಿ ವಿದ್ಯಾರ್ಥಿಗಳಿಗೆಂದು ಪ್ರಕಟಿಸಿದ ಕೃತಿಯೊಂದರಲ್ಲಿ ‘ನಿಮ್ಮ ಪತ್ರ ನನಗೆ ಬಹಳ ಸಂತೋಷ ಕೊಟ್ಟಿತು’ ಎಂಬರ್ಥದ ಒಂದೇ ವಾಕ್ಯವನ್ನು ನೂರಕ್ಕೂ ಹೆಚ್ಚು ಬಗೆಯಲ್ಲಿ ಹೇಳಿ ತೋರಿಸಿದ್ದಾನೆ. ಅಷ್ಟು ದೂರ ನಾವು ಹೋಗಲಿಲ್ಲ. ಆದರೆ ಮೊದಲು ಹೊಳೆದ ವಾಕ್ಯ ಹಲವು ಸಾಧ್ಯತೆಗಳಲ್ಲಿ ಒಂದೆಂಬುದು, ಸಲೀಸಾಗಿ ಬರೆಯುವ ಮಗುವಿಗೆ ಬೇರೆ ದಾರಿಯಲ್ಲಿ ಇಷ್ಟು ಸುಲಭವಾಗಿ ಮನದಟ್ಟಾಗುವುದಿಲ್ಲ.

‘ಚೆನ್ನಾಗಿ ಬರೆಯುತ್ತಾಳೆ’ ಎಂಬ ಮಾತಿನೊಳಗೆ ಏನೇನಿದೆ ಎಂದು ಬಿಡಿಸಿ ನೋಡುವುದು ಇಡೀ ಕೆಲಸದ ಮುಖ್ಯ ಭಾಗವಾಗಿತ್ತು. ನನ್ನ ಮಗಳಿಗೆ ಪದಸಂಪತ್ತು ಇತ್ತು, ಓಟವಿತ್ತು, ಕಥೆಯನ್ನು ಎಲ್ಲಿ ತಿರುಗಿಸಬೇಕೆಂಬ ಅರಿವಿತ್ತು. ಕಂಡದ್ದನ್ನು ಕಂಡಂತೆ ಹೇಳುವುದು, ಕಾರಣ ಕೊಡುವುದು, ಗೊತ್ತಿಲ್ಲದವರಿಗೆ ತಿಳಿಯುವಂತೆ ವಿವರಿಸುವುದು ಅವಳ ಕಥೆಗಳಿಗೆ ಬೇಕಿರಲಿಲ್ಲವಾದ್ದರಿಂದ ಬೆಳೆದಿರಲಿಲ್ಲ. ಗೋಡೆಯ ಬುಡದ ಇರುವೆಗಳ ಬಗ್ಗೆ ಬರೆ ಎಂದಾಗ ಬಂದದ್ದು ಇದು: ‘ಸಂಜೆಯ ಹೊಂಬೆಳಕಿನಲ್ಲಿ ಮಿಂದ ಪುಟ್ಟ ಸೈನಿಕರು ಮೌನವಾಗಿ ತಮ್ಮ ಅರಮನೆಯತ್ತ ಸಾಗುತ್ತಿದ್ದರು.’ ನೆಂಟರಿಷ್ಟರಿಗೆ ತೋರಿಸಿದ್ದರೆ ಮೆಚ್ಚುತ್ತಿದ್ದರು. ಆದರೆ ಇದನ್ನು ಬರೆಯಲು ಇರುವೆಯನ್ನು ನೋಡಲೇಬೇಕಿಲ್ಲ. ನಾನು ವಾಕ್ಯದ ಬಗ್ಗೆ ಏನನ್ನೂ ಹೇಳದೆ, ಎಲ್ಲವೂ ಒಂದೇ ದಿಕ್ಕಿಗೆ ಹೋಗುತ್ತಿವೆಯೇ, ಎದುರಾದಾಗ ಏನು ಮಾಡುತ್ತವೆ ಎಂದು ಕೇಳಿ ಮತ್ತೆ ಕಳಿಸಿದೆ. ಎರಡನೆಯ ಕರಡು: ‘ಇರುವೆಗಳು ಒಂದೇ ಸಾಲಿನಲ್ಲಿ ಎರಡು ದಿಕ್ಕಿಗೂ ಹೋಗುತ್ತವೆ. ಎದುರಾದ ಎರಡು ಇರುವೆಗಳು ಅರೆಕ್ಷಣ ನಿಂತು ಕುಡಿಮೀಸೆ ತಾಗಿಸಿ ಮುಂದೆ ಹೋಗುತ್ತವೆ. ಗೋಡೆಯ ಕಡೆ ಬರುವ ಕೆಲವದರ ಬಾಯಲ್ಲಿ ಬಿಳಿಯ ಚೂರಿದೆ; ಹೊರಗೆ ಹೋಗುವ ಯಾವುದರ ಬಾಯಲ್ಲೂ ಇಲ್ಲ.’ ಉಪಮೆ ಒಂದೂ ಇಲ್ಲದ ಈ ಭಾಗ ತನ್ನದಲ್ಲವೆಂಬಂತೆ ಅವಳಿಗೆ ಅನ್ನಿಸಿತಂತೆ. ಹೊಗಳಿಕೆ ಕೇಳಿ ಬೆಳೆದ ಬರವಣಿಗೆಗೆ ಈ ಬರಿಮೈ ಅಭ್ಯಾಸವಾಗಲು ಸಮಯ ಬೇಕು, ಅವಸರಿಸಬಾರದು.

ಐದು ವಾಕ್ಯಗಳ ಪರಿಚ್ಛೇದದ ಜಾಗಕ್ಕೆ ನಾನು ತಂದದ್ದು ಬಹಳ ಹಳೆಯ ಸರಕು. ಗ್ರೀಕ್ ಮತ್ತು ರೋಮನ್ ಶಾಲೆಗಳಲ್ಲಿ ಭಾಷಣಕಲೆಗೆ ಮೊದಲು ಕಲಿಸುತ್ತಿದ್ದ ಪ್ರೊಜಿಮ್ನಾಸ್ಮಾಟಾ ಎಂಬ ಪೂರ್ವಾಭ್ಯಾಸಗಳ ಸರಣಿಯಿದೆ. ನಾಲ್ಕನೆಯ ಶತಮಾನದ ಅಫ್ತೋನಿಯಸ್ ಕೊಟ್ಟ ರೂಪದಲ್ಲಿ ಅವು 14. ನೀತಿಕಥೆಯನ್ನು ಮರುಹೇಳುವುದರಿಂದ ಆರಂಭಿಸಿ, ಕಥೆಯೊಂದು ನಂಬಲರ್ಹವಲ್ಲವೆಂದು ಖಂಡಿಸುವುದು, ನಂಬಲರ್ಹವೆಂದು ಸಮರ್ಥಿಸುವುದು, ಹೋಲಿಕೆ, ವರ್ಣನೆ ಹೀಗೆ ಮೇಲೇರುತ್ತವೆ. ಕಥೆ ಪ್ರಿಯವಾದ ಮಗುವನ್ನು ಕಥೆಯ ಮೂಲಕವೇ ತರ್ಕದ ಬರವಣಿಗೆಗೆ ಕರೆತರುವುದು ಇದರ ಜಾಣ್ಮೆ. ಹೂಜಿಗೆ ಕಲ್ಲು ಹಾಕಿದ ಬಾಯಾರಿದ ಕಾಗೆಯ ಕಥೆಯನ್ನು ಖಂಡಿಸು ಎಂದೆ. ‘ಕಾಗೆಗೆ ಅಷ್ಟು ಬುದ್ಧಿ ಇರುವುದಿಲ್ಲ’ ಎಂದು ಮೊದಲು ಬರೆದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದ್ದಕ್ಕೆ ಅದನ್ನು ತಾನೇ ಹೊಡೆದುಹಾಕಿದಳು. ಆಮೇಲೆ ಗಾಜಿನ ಪಾತ್ರೆಗೆ ತಳಮಟ್ಟಕ್ಕೆ ನೀರು ಹಾಕಿ ಕಲ್ಲು ತುಂಬಿ ನೋಡಿದಳು. ಕಲ್ಲುಗಳ ನಡುವಿನ ಸಂದಿಗಳೇ ಪಾತ್ರೆಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ, ನೀರು ತೀರ ಕಡಿಮೆಯಿದ್ದರೆ ಎಷ್ಟು ಕಲ್ಲು ಹಾಕಿದರೂ ಅದು ಸಂದಿಗಳಲ್ಲೇ ಅಡಗಿಬಿಡುತ್ತದೆ, ಬಾಯಿಯವರೆಗೆ ಏರುವುದಿಲ್ಲ. ಅವಳ ಖಂಡನೆ ಕೊನೆಗೆ ‘ಹೂಜಿಯ ತಳದಲ್ಲಿ ಸ್ವಲ್ಪವೇ ನೀರಿತ್ತು ಎಂದು ಕಥೆ ಹೇಳುವುದಾದರೆ ಕಥೆ ಸುಳ್ಳು, ಅರ್ಧದಷ್ಟು ನೀರಿತ್ತು ಎಂದಾದರೆ ನಿಜವಿರಬಹುದು’ ಎಂದು ಷರತ್ತು ಹಾಕಿಕೊಂಡು ನಿಂತಿತು. ಷರತ್ತು ಹಾಕಿ ವಾದಿಸುವುದನ್ನು ಐದು ವಾಕ್ಯಗಳ ಅಚ್ಚು ಎಂದೂ ಕಲಿಸುತ್ತಿರಲಿಲ್ಲ.

ನಕಲಿನ ಬದಲಿಗೆ, ಅಮೆರಿಕದ ಮುತ್ಸದ್ದಿ ಮತ್ತು ಲೇಖಕ ಬೆಂಜಮಿನ್ ಫ್ರಾಂಕ್ಲಿನ್ ಹುಡುಗನಾಗಿದ್ದಾಗ ತಾನೇ ರೂಪಿಸಿಕೊಂಡ ಕ್ರಮವನ್ನು ಹಿಡಿದೆವು. ತಾನು ಮೆಚ್ಚಿದ ಪ್ರಬಂಧದ ಪ್ರತಿ ವಾಕ್ಯದ ಭಾವಕ್ಕೆ ಒಂದು ಸಣ್ಣ ಟಿಪ್ಪಣಿ ಮಾಡಿಕೊಂಡು, ಕೆಲವು ದಿನ ಬದಿಗಿಟ್ಟು, ಮೂಲವನ್ನು ನೋಡದೆ ಟಿಪ್ಪಣಿಯಿಂದ ಮತ್ತೆ ಬರೆದು, ಆಮೇಲೆ ಹೋಲಿಸಿ ತಿದ್ದಿಕೊಳ್ಳುತ್ತಿದ್ದ. ಟಿಪ್ಪಣಿಗಳನ್ನು ಬೆರೆಸಿಟ್ಟು ಸರಿಯಾದ ಕ್ರಮಕ್ಕೆ ತರಲೂ ಯತ್ನಿಸುತ್ತಿದ್ದ. ಪದಸಂಗ್ರಹ ಬೆಳೆಯಲೆಂದು ಕೆಲವು ಗದ್ಯಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತರುತ್ತಿದ್ದನೆಂದು ಅವನೇ ಬರೆದುಕೊಂಡಿದ್ದಾನೆ. ನಾವು ಪದ್ಯಕ್ಕೆ ಭಾಮಿನಿ ಷಟ್ಪದಿಯನ್ನು ಆರಿಸಿಕೊಂಡೆವು. ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕರಂತೆ 14 ಮಾತ್ರೆ. ಮೂರು ಮತ್ತು ಆರನೆಯ ಸಾಲುಗಳಲ್ಲಿ ಅದೇ ನಡೆ ಮೂರು ಆವರ್ತ ಬಂದು ಕೊನೆಗೊಂದು ಗುರು, ಒಟ್ಟು 23. ಆದಿಪ್ರಾಸವನ್ನು ನಾನು ಕೇಳಲಿಲ್ಲ; ಮಾತ್ರೆಯ ಲೆಕ್ಕವೇ ಸಾಕಷ್ಟು ಬಿಗಿ. ‘ಸುಂದರವಾದ’ ಎಂಬ ಏಳು ಮಾತ್ರೆಯ ಪದ ಸಣ್ಣ ಸಾಲಿನ ಅರ್ಧವನ್ನೇ ತಿಂದುಬಿಡುತ್ತದೆಂದು ಕಂಡಾಗ ಅವಳು ಮೂರು ಮಾತ್ರೆಯದನ್ನು ಹುಡುಕಬೇಕಾಯಿತು, ಸಿಕ್ಕ ‘ಚೆಲುವ’ ಮತ್ತೆ ಗದ್ಯಕ್ಕೆ ಬಂದಾಗಲೂ ಉಳಿಯಿತು.

ತಿದ್ದುವುದು ಎಲ್ಲಕ್ಕಿಂತ ಕಷ್ಟದ ಪಾಠ, ಏಕೆಂದರೆ ಇಂಥ ಮಕ್ಕಳ ಮೊದಲ ಕರಡು ಉಳಿದವರ ಕೊನೆಯ ಕರಡಿಗಿಂತ ಚೆನ್ನಾಗಿರುತ್ತದೆ. ಎಲ್ಲವನ್ನೂ ತಿದ್ದಿಸುವ ಹಟ ನಾನು ಹಿಡಿಯಲಿಲ್ಲ. ನಾಲ್ಕು ಬರಹಗಳಲ್ಲಿ ಒಂದನ್ನು ಅವಳೇ ಆರಿಸಿ ಪೂರ್ಣಗೊಳಿಸುತ್ತಾಳೆ, ಉಳಿದವು ಕರಡಾಗಿಯೇ ಇರುತ್ತವೆ. ಅಂಚಿನಲ್ಲಿ ನಾನು ಪ್ರಶ್ನೆಗಳನ್ನು ಮಾತ್ರ ಬರೆಯುತ್ತೇನೆ. ಕಾಗುಣಿತಕ್ಕೆ ಕೈ ಹಾಕುವುದು ವಿಷಯ ನಿಂತ ಮೇಲೆ. ಅವಳ ಸ್ವಂತ ಕಥೆಗಳು ಈ ವ್ಯವಸ್ಥೆಯ ಹೊರಗಿವೆ, ಅವಳಾಗಿ ತಂದು ತೋರಿಸಿದ ಹೊರತು ನಾನು ಅವುಗಳ ಬಗ್ಗೆ ಮಾತಾಡುವುದಿಲ್ಲ. ತಿದ್ದುವುದು ಏಕೆ ಬೇಕೆಂದು ನನಗಿಂತ ಚೆನ್ನಾಗಿ ತೋರಿಸಿಕೊಟ್ಟದ್ದು ಅವಳೇ ಹುಟ್ಟುಹಾಕಿದ ಮನೆಯಾಟದ ನಿಯಮಾವಳಿ. ಆಟ ಗೊತ್ತಿಲ್ಲದ ಇಬ್ಬರು ಆ ಕಾಗದವನ್ನಷ್ಟೇ ಓದಿ ಆಡಬೇಕು, ಅವಳು ಬಾಯಿ ತೆರೆಯುವಂತಿಲ್ಲ. ಎರಡು ಕಾಯಿಗಳು ಒಂದೇ ಮನೆಗೆ ಬಂದಾಗ ಆಟ ನಿಂತಿತು. ಆ ನಿಯಮ ಅವಳ ತಲೆಯಲ್ಲಿತ್ತು, ಕಾಗದದಲ್ಲಿರಲಿಲ್ಲ. ಆ ಬರಹದ ಮುಂದಿನ ಕರಡುಗಳಿಗೆ ನಾನು ಒತ್ತಾಯಿಸಬೇಕಾಗಲಿಲ್ಲ.

ಕರಡುಗಳನ್ನೆಲ್ಲ ದಿನಾಂಕ ಹಾಕಿ ಒಂದೇ ಕಡತದಲ್ಲಿಡುತ್ತೇನೆ. ಅಂಕಗಳಿಲ್ಲದ ಕಲಿಕೆಯಲ್ಲಿ ಪ್ರಗತಿಯನ್ನು ನೋಡಲು ಇದಕ್ಕಿಂತ ನಂಬಿಕಸ್ತ ಸಾಧನ ನನಗೆ ಸಿಕ್ಕಿಲ್ಲ, ಮುಂದೆ ಯಾವುದಾದರೂ ಶಾಲೆ ಕೇಳಿದರೆ ತೋರಿಸಲೂ ಆಗುತ್ತದೆ. ಈ ವರ್ಷ ನಾವು ಹಿಡಿದಿರುವುದು ಒಂದೇ ವಿಷಯದ ಬಗ್ಗೆ ಬೇರೆ ಬೇರೆ ಮಾತು ಹೇಳುವ ಎರಡು ಪುಸ್ತಕಗಳಿಂದ ಟಿಪ್ಪಣಿ ಮಾಡಿಕೊಂಡು ಬರೆಯುವುದನ್ನು. ಓದಿದ್ದನ್ನು ಬರೆದವರ ಮಾತಿನಲ್ಲೇ ಮರಳಿ ಬರೆಯುವ ಅವಳ ಚಾತುರ್ಯ ಇಲ್ಲಿ ಅಡ್ಡಿಯಾಗುತ್ತದೆ. ಆದ್ದರಿಂದ ಪುಸ್ತಕ ಮುಚ್ಚಿದ ಮೇಲೆಯೇ ಟಿಪ್ಪಣಿ ಬರೆಯಬೇಕು, ಮತ್ತು ಯಾವ ಮಾತು ಯಾವ ಪುಸ್ತಕದ್ದು, ಯಾವುದು ತನ್ನದು ಎಂಬುದನ್ನು ಮೂರು ಬಣ್ಣದ ಪೆನ್ನುಗಳಲ್ಲಿ ಗುರುತಿಸಬೇಕು ಎಂದು ಗೊತ್ತುಮಾಡಿಕೊಂಡಿದ್ದೇವೆ. ಸದ್ಯಕ್ಕೆ ಅವಳ ಹಾಳೆಗಳಲ್ಲಿ ಮೂರನೆಯ ಬಣ್ಣ ಕಡಿಮೆಯೇ ಕಾಣುತ್ತಿದೆ.