ಮನೆಯವರ ಅಡುಗೆ ರುಚಿಸದಿದ್ದರೆ ಏನು ಮಾಡುವುದು?

ತಟ್ಟೆಯಲ್ಲಿರುವುದು ಬಾಯಿಗೆ ಹಿಡಿಸುತ್ತಿಲ್ಲ. ಮಾಡಿದವರು ಎದುರಿಗೇ ಕೂತು ‘ಹೇಗಿದೆ?’ ಎಂದು ಕೇಳುತ್ತಿದ್ದಾರೆ. ‘ತುಂಬಾ ಚೆನ್ನಾಗಿದೆ’ ಎಂದರೆ ನಾಳೆಯೂ ಅದೇ ಅಡುಗೆ, ಅದೂ ನಿಮಗಾಗಿಯೇ ಮಾಡಿದ್ದು. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಅವರ ಮುಖ ಬಾಡುತ್ತದೆ. ಸುಳ್ಳೂ ಹೇಳದೆ, ಮನಸ್ಸೂ ನೋಯಿಸದೆ ನಡೆದುಕೊಳ್ಳಲು ಸಾಧ್ಯವಿದೆ.

ಊಟದ ಹೊತ್ತಿನಲ್ಲಿ

ಮೊದಲು ಸ್ವಲ್ಪವೇ ಬಡಿಸಿಕೊಳ್ಳಿ. ತುಂಬಾ ಹಾಕಿಸಿಕೊಂಡು ಬಿಡುವುದೇ ಹೆಚ್ಚು ನೋಯಿಸುತ್ತದೆ. ಮುಖ ಕಿವುಚಬೇಡಿ, ಮಕ್ಕಳು ನೋಡುತ್ತಿರುತ್ತಾರೆ. ‘ಹೇಗಿದೆ’ ಎಂದು ಕೇಳಿದರೆ ನಿಜವಾಗಿಯೂ ಚೆನ್ನಾಗಿರುವ ಒಂದನ್ನು ಹುಡುಕಿ ಹೇಳಿ. ‘ತರಕಾರಿ ಹದವಾಗಿ ಬೆಂದಿದೆ’ ಎಂದರೂ ಸಾಕು.

ಉಪ್ಪು, ಮೆಣಸಿನ ಪುಡಿ, ನಿಂಬೆಹಣ್ಣು ಯಾವಾಗಲೂ ಊಟದ ಜಾಗದಲ್ಲೇ ಇರಲಿ. ಎಲ್ಲರೂ ಬಳಸಿದರೆ ಯಾರಿಗೂ ಬೇಸರವಾಗುವುದಿಲ್ಲ. ಆದರೆ ಒಂದು ತುತ್ತು ತಿನ್ನುವ ಮೊದಲೇ ಉಪ್ಪಿಗೆ ಕೈ ಹಾಕಬೇಡಿ. ಸಪ್ಪೆ ಅನ್ನಿಸಿದರೆ ನಾಲ್ಕು ಹನಿ ನಿಂಬೆರಸ ಹಿಂಡಿ. ಕಹಿಯಿದ್ದರೆ ಚಿಟಿಕೆ ಉಪ್ಪು ಅದನ್ನು ತಗ್ಗಿಸುತ್ತದೆ. ಖಾರ ಜಾಸ್ತಿಯಾದರೆ ನೀರಿಗಿಂತ ಹಾಲು, ಮೊಸರು ವಾಸಿ. ಖಾರದ ಅಂಶ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಉಪ್ಪು ಜಾಸ್ತಿಯಾದರೆ, ಉಪ್ಪಿಲ್ಲದ ಇನ್ನೊಂದರ ಜೊತೆ ಕಲಸಿಕೊಂಡು ತಿನ್ನಿ.

ಹೀಗೇಕೆ ಆಗುತ್ತಿದೆ?

ಈ ಪ್ರಶ್ನೆ ಕೇಳಿಕೊಳ್ಳದೆ ಮಾತಿಗೆ ಇಳಿಯಬೇಡಿ. ನಾವು ರುಚಿ ಅನ್ನುವುದರಲ್ಲಿ ವಾಸನೆಯ ಪಾಲು ದೊಡ್ಡದು. 60 ದಾಟಿದ ಮೇಲೆ ಅನೇಕರಿಗೆ ವಾಸನೆ ಸರಿಯಾಗಿ ಗೊತ್ತಾಗುವುದಿಲ್ಲ. ಕೆಲವು ಬಿಪಿ ಮಾತ್ರೆಗಳೂ ನಾಲಿಗೆಯ ರುಚಿ ಬದಲಿಸುತ್ತವೆ. ಕೋವಿಡ್ ಬಂದು ಹೋದ ಮೇಲೆ ವಾಸನೆ ಪೂರ್ತಿ ಮರಳದವರೂ ಇದ್ದಾರೆ. ಅಂಥವರಿಗೆ ಉಪ್ಪು ಸಾಲದು ಅನ್ನಿಸುವುದು ಸಹಜ. ಚೆನ್ನಾಗಿ ಮಾಡುತ್ತಿದ್ದವರ ಅಡುಗೆ ಇದ್ದಕ್ಕಿದ್ದ ಹಾಗೆ ಕೆಟ್ಟರೆ, ಒಂದು ಸಲ ವೈದ್ಯರಿಗೆ ತೋರಿಸಿ.

ತುಂಬಾ ಹೊತ್ತು ಒಲೆಯ ಮುಂದೆ ನಿಂತವರ ಮೂಗು ಆ ವಾಸನೆಗೆ ಒಗ್ಗಿಹೋಗುತ್ತದೆ. ಆಮೇಲೆ ಎಷ್ಟು ಹಾಕಿದರೂ ಕಡಿಮೆ ಅನ್ನಿಸಬಹುದು. ಕಾರಣ ನಿಮ್ಮ ನಾಲಿಗೆಯಲ್ಲೂ ಇರಬಹುದು. ಕೊತ್ತಂಬರಿ ಸೊಪ್ಪು ಕೆಲವರಿಗೆ ಸೋಪಿನ ಹಾಗೆ ಅನ್ನಿಸುತ್ತದೆ. ಕೆಲವರಿಗೆ ಕಹಿ ಜಾಸ್ತಿ ಗೊತ್ತಾಗುತ್ತದೆ. ಇದೆಲ್ಲ ಹುಟ್ಟಿನಿಂದಲೇ ಬಂದಿರಬಹುದು.

ಇನ್ನೊಂದು ಕಾರಣವನ್ನು ನಾವು ಬೇಗ ಮರೆಯುತ್ತೇವೆ: ದಣಿವು. ವರ್ಷಗಟ್ಟಲೆ ದಿನಾ ಒಬ್ಬರೇ ಒಲೆಯ ಮುಂದೆ ನಿಂತರೆ ಯಾರಿಗಾದರೂ ಬೇಸರ ಬರುತ್ತದೆ, ಅಲ್ವಾ? ಅವರಿಗೆ ಅಡುಗೆ ಇಷ್ಟವೇ ಇಲ್ಲದಿರಬಹುದು, ಆದರೂ ಬೇರೆ ಯಾರೂ ಮಾಡುವವರಿಲ್ಲ ಎಂದು ಮಾಡುತ್ತಿರಬಹುದು. ಅಂಥ ಮನೆಯಲ್ಲಿ ರುಚಿಯ ಬಗ್ಗೆ ದೂರುವ ಮೊದಲು ವಾರಕ್ಕೆ ಎರಡು ಹೊತ್ತು ನೀವೇ ಒಲೆ ಹಚ್ಚಿ. ಉಳಿದ ದಿನ ತರಕಾರಿ ಹೆಚ್ಚಿಕೊಡಿ, ಇಳಿಸುವ ಮುಂಚೆ ರುಚಿ ನೋಡಿ ಹೇಳಿ. ಎಷ್ಟೋ ಸಲ ಸಮಸ್ಯೆ ಇಲ್ಲಿಗೇ ಮುಗಿಯುತ್ತದೆ.

ಹೇಳಲೇಬೇಕಾದಾಗ

ಊಟದ ಹೊತ್ತು ಬೇಡ, ನೆಂಟರ ಮುಂದಂತೂ ಬೇಡವೇ ಬೇಡ. ಬಿಡುವಾಗಿ ಇಬ್ಬರೇ ಇರುವಾಗ ಹೇಳಿ. ಒಂದು ಸಲಕ್ಕೆ ಒಂದೇ ವಿಷಯ. ‘ಅಮ್ಮಾ, ನನಗೆ ಉಪ್ಪು ಸ್ವಲ್ಪ ಜಾಸ್ತಿ ಅನ್ನಿಸ್ತು, ಮುಂದಿನ ಸಲ ಕಡಿಮೆ ಹಾಕೋಣ್ವಾ?’ ಎಂದರೆ ಸಾಕು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಸುಮಾರು ಒಂದು ಟೀ ಚಮಚ. ಈ ಮಾತನ್ನು ಎಲ್ಲರ ಆರೋಗ್ಯದ ಮಾತಾಗಿಯೇ ಎತ್ತಬಹುದು. ಇನ್ನೊಬ್ಬರ ಕೈರುಚಿಯ ಜೊತೆ ಮಾತ್ರ ಹೋಲಿಸಬೇಡಿ. ಅತ್ತೆಯ ಅಡುಗೆಯಾದರೆ ಅವರ ಮಗನೋ ಮಗಳೋ ಹೇಳಲಿ.

ಸಂಕೋಚ ಬೇಡದ ಕಡೆ

ಹಳಸಿದ ವಾಸನೆ ಬಂದರೆ, ಮಾಂಸ ಒಳಗೆ ಬೆಂದಿರದಿದ್ದರೆ, ಮಾಡಿದ ಅಡುಗೆ 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗೇ ಉಳಿದಿದ್ದರೆ ಮರ್ಯಾದೆಗೆಂದು ತಿನ್ನಬೇಡಿ. ಮತ್ತೆ ಬಿಸಿ ಮಾಡಿದರೂ ಕೆಲವು ಬ್ಯಾಕ್ಟೀರಿಯಾಗಳ ವಿಷ ಹೋಗುವುದಿಲ್ಲ. ‘ಇದು ಕೆಟ್ಟಿರಬಹುದು, ಯಾರೂ ತಿನ್ನುವುದು ಬೇಡ’ ಎಂದು ಆಗಲೇ ಹೇಳಿ. ಅಲರ್ಜಿ ಇದ್ದರೆ ಅಡುಗೆ ಶುರುವಾಗುವ ಮೊದಲೇ ತಿಳಿಸಿ, ಬಡಿಸಿದ ಮೇಲಲ್ಲ.