ಮಸಿಯಲ್ಲಿ ಬಿದಿರು ಬರೆಯುವಾಗ

ಚೀನೀ ಮಸಿಚಿತ್ರದಲ್ಲಿ ಬಿದಿರಿನ ಕಾಂಡವನ್ನು ನಾನು ಬುಡದಿಂದ ತುದಿಗೆ ಬರೆಯುತ್ತೇನೆ, ಅದು ಬೆಳೆಯುವ ದಿಕ್ಕಿನಲ್ಲೇ. ಅಗಲ ಕುಂಚವನ್ನು ತಿಳಿಮಸಿಯಲ್ಲಿ ನೆನೆಸಿ, ಒಂದು ಪಕ್ಕಕ್ಕೆ ಮಾತ್ರ ಗಾಢ ಮಸಿ ತಾಕಿಸಿಕೊಳ್ಳುತ್ತೇನೆ. ಕಾಗದಕ್ಕೆ ಒತ್ತಿ, ಕ್ಷಣ ತಡೆದು, ಮೇಲಕ್ಕೆ ಎಳೆದು, ಮತ್ತೆ ಒತ್ತಿ ಎತ್ತಿದರೆ ಒಂದು ತುಂಡು ಸಿದ್ಧ. ಬೇರೆ ನೆರಳು ಹಾಕದಿದ್ದರೂ ಕಾಂಡ ದುಂಡಗೆ ಕಾಣುತ್ತದೆ. ಗೆಣ್ಣಿನ ಜಾಗವನ್ನು ಬಿಳಿಯಾಗಿ ಬಿಟ್ಟಿದ್ದು, ಮಸಿ ಪೂರ್ತಿ ಆರುವ ಮುನ್ನ ಅಲ್ಲೊಂದು ಕಪ್ಪು ಗೆರೆ ಕೊಡುತ್ತೇನೆ. ಎಲೆಗಾದರೆ ಒತ್ತಿ, ಜಾರಿಸಿ, ಎತ್ತಿಬಿಡಬೇಕು.

ಮಸಿ ಕಡ್ಡಿ ಎಂದರೆ ಪೈನ್ ಮರದ ಅಥವಾ ಎಣ್ಣೆಯ ಕಾಡಿಗೆಗೆ ಪ್ರಾಣಿಜನ್ಯ ಅಂಟು ಸೇರಿಸಿ ಅಚ್ಚು ಹಾಕಿದ್ದು. ಕಲ್ಲಿನ ಮೇಲೆ ಸ್ವಲ್ಪ ನೀರು ಬಿಟ್ಟು, ಗಂಧ ತೇಯುವ ಹಾಗೆ ನಿಧಾನವಾಗಿ ತೇಯಬೇಕು. ಅಭ್ಯಾಸಕ್ಕೆ ನಾನು ಬಾಟಲಿಯ ಮಸಿಯನ್ನೇ ಬಳಸುತ್ತೇನೆ. ಕಾಗದ ಮಾತ್ರ ಶ್ವಾನ್ ಎಂಬ ಚೀನೀ ಕಾಗದವೇ ಆಗಿರಬೇಕು. ಚೀನಾದ ಆನ್‌ಹುಯಿ ಪ್ರಾಂತ್ಯದ ಜಿಂಗ್ ಕೌಂಟಿಯಲ್ಲಿ ಚಿಂಗ್‌ತಾನ್ ಮರದ ತೊಗಟೆ ಮತ್ತು ಭತ್ತದ ಹುಲ್ಲಿನಿಂದ ಅದನ್ನು ತಯಾರಿಸುತ್ತಾರೆ. ಪಟಿಕ ಹಾಕದ ಹಾಳೆ ಮಸಿ ಸೋಕಿದೊಡನೆ ಹೀರಿಕೊಳ್ಳುತ್ತದೆ. ತಿದ್ದುವ ಮಾತೇ ಇಲ್ಲ.

ಈ ಒತ್ತು, ಎಳೆತಗಳೆಲ್ಲ ಚೀನೀ ಅಕ್ಷರ ಬರೆಯುವ ಕೈಚಲನೆಗಳೇ. ಹಿಂದೆ ಚೀನಾದಲ್ಲಿ ಸರ್ಕಾರಿ ಪರೀಕ್ಷೆ ಬರೆದು ಅಧಿಕಾರಿಗಳಾದ ವಿದ್ವಾಂಸರು ಬಿದಿರನ್ನು ಏಕೆ ತಮ್ಮದಾಗಿಸಿಕೊಂಡರು ಎಂಬುದು ನನಗೆ ಮನವರಿಕೆಯಾದದ್ದು ಇಲ್ಲಿ. ಚಿಕ್ಕಂದಿನಿಂದ ಅಕ್ಷರ ತೀಡಿದ ಕೈ ಅದು. ಸೋಂಗ್ ರಾಜವಂಶದ ಕಾಲದ ಅಧಿಕಾರಿ ವೆನ್ ತೋಂಗ್ (1018–1079) ಬಿದಿರಿಗೆ ಹೆಸರಾದವನು. ಕುಂಚ ಹಿಡಿಯುವ ಮೊದಲೇ ಇಡೀ ಬಿದಿರು ಎದೆಯೊಳಗೆ ಇರಬೇಕು ಎಂಬ ಅವನ ಪಾಠವನ್ನು, ಅವನು ತೀರಿಕೊಂಡ ವರ್ಷವೇ, ಗೆಳೆಯನಾದ ಕವಿ ಸು ಶಿ ಬರೆದಿಟ್ಟ. ಅದೇ ವರ್ಷ ಸರ್ಕಾರವನ್ನು ಟೀಕಿಸುವ ಕವಿತೆಗಳಿಗಾಗಿ ಸು ಶಿ ಸೆರೆಮನೆ ಸೇರಿದ. ಈ ಚಿತ್ರಗಳನ್ನು ಬರೀ ಧ್ಯಾನ, ಶಾಂತಿ ಎಂದು ಕೊಂಡಾಡುವವರ ಮುಂದೆ ನನಗೆ ತಾಳ್ಮೆ ಉಳಿಯುವುದಿಲ್ಲ.

1279ರಲ್ಲಿ ಸೋಂಗ್ ಆಳ್ವಿಕೆ ಮಂಗೋಲರಿಗೆ ಸೋತು ಮುಗಿಯಿತು. ಸೋಂಗ್ ನಿಷ್ಠೆ ಬಿಡದ ಚಿತ್ರಕಾರ ಝೆಂಗ್ ಸಿಶ್ಯಾವ್ ಆರ್ಕಿಡ್ ಗಿಡಗಳನ್ನು ಬುಡದಲ್ಲಿ ಮಣ್ಣಿಲ್ಲದೆ ಬರೆದ: ನೆಲವೇ ಪರರ ಪಾಲಾಗಿದೆಯಲ್ಲ! ಸೋಂಗ್ ರಾಜವಂಶದವನೇ ಆದ ಝಾವೋ ಮೆಂಗ್‌ಫೂ ಹೊಸ ದೊರೆ ಕುಬ್ಲಾಯ್ ಖಾನನ ಸೇವೆಗೆ ಸೇರಿ ಬೈಸಿಕೊಂಡ. ಬಿದಿರು ಬರೆಯಲು ಅಕ್ಷರದ ವಿಧಾನ ಬರಬೇಕು ಎಂದವನು ಈತನೇ. ಪತ್ನಿ ಗ್ವಾನ್ ದಾವೋಶೆಂಗ್ ಬಿದಿರಿನ ಚಿತ್ರಕ್ಕೇ ಪ್ರಸಿದ್ಧಳು. ಮಣ್ಣಿಲ್ಲದ ಆರ್ಕಿಡ್ ದೊಡ್ಡ ಮಾತೇ, ಆದರೆ ಕೈ ಪಳಗಿಸಲು ನಾನು ಎದುರಿಗಿಟ್ಟುಕೊಳ್ಳುವುದು ಈ ದಂಪತಿಯ ಗೆರೆಗಳನ್ನು.

ನನಗೆ ತೀರ ಆಪ್ತನಾದವನು ಚಿತ್ರಕಾರ ಝೆಂಗ್ ಶ್ಯೆ (1693–1766). ವೇಯ್‌ಶ್ಯಾನ್ ಎಂಬ ಊರಿನಲ್ಲಿ ಅಧಿಕಾರಿಯಾಗಿದ್ದಾಗ, ಬಿದಿರೆಲೆಗಳ ಮರ್ಮರದಲ್ಲಿ ಜನರ ಸಂಕಟ ಕೇಳಿಸುತ್ತದೆ ಎಂದು ಚಿತ್ರದ ಮೇಲೆಯೇ ಬರೆದ. ಕೆಲಸ ಬಿಟ್ಟು ಯಾಂಗ್‌ಝೌ ನಗರಕ್ಕೆ ಬಂದು ಚಿತ್ರ ಮಾರಿ ಬದುಕಿದ, ದರಪಟ್ಟಿಯನ್ನೂ ಪ್ರಕಟಿಸಿದ. ದೊಡ್ಡದಕ್ಕೆ 6 ತಾಯೆಲ್ (ಚೀನೀ ತೂಕದ ಅಳತೆ) ಬೆಳ್ಳಿ, ಮಧ್ಯಮಕ್ಕೆ 4, ಚಿಕ್ಕದಕ್ಕೆ 2. ಉಡುಗೊರೆ, ತಿಂಡಿಗಿಂತ ಬೆಳ್ಳಿಯೇ ಲೇಸು ಎಂದೂ ಸೇರಿಸಿದ. ಬಿಟ್ಟಿಯಾಗಿ ಒಂದು ಬಿದಿರು ಬರೆದುಕೊಡಿ ಎಂದು ಕೇಳುವ ನೆಂಟರಿಗೆ ನಾನು ಈ ಪಟ್ಟಿಯನ್ನು ಓದಿ ಹೇಳುತ್ತೇನೆ.